ದಪ್ ಎಂದ ಕೀಲು

ಇಟ್ಟಿಗೆ ಕೈಗೆ ಬಂದ ಕೂಡಲೇ ಕರಣೆಯ ಹಿಡಿಯಿಂದ ಒಮ್ಮೆ ತಟ್ಟಿ ಕಿವಿಗೊಡುವುದು ಅಮ್ಮನ ಅಭ್ಯಾಸ. ಠಣ್ ಎಂದರೆ ಗೋಡೆಗೆ, ದಪ್ ಎಂದರೆ ಪಕ್ಕಕ್ಕೆ. ಮೂವತ್ತು ವರ್ಷದ ಗಾರೆ ಕೆಲಸದಲ್ಲಿ ಎಂಥ ಆತುರದ ಮಾಲೀಕ ತಲೆಯ ಮೇಲೆ ನಿಂತರೂ ಈ ಕ್ರಮ ತಪ್ಪಿರಲಿಲ್ಲ.

"ಏನಮ್ಮಾ, ಇಟ್ಟಿಗೆ ಯೋಗಕ್ಷೇಮ ವಿಚಾರಿಸ್ತಿದ್ದೀಯಾ?" ಎಂದು ಮೇಸ್ತ್ರಿ ಚುಡಾಯಿಸಿದರೆ, "ಹೌದಪ್ಪ, ನೀನಂತೂ ಕೇಳಿದ್ದಕ್ಕೆ ಉತ್ತರ ಕೊಡಲ್ಲ, ಅದಾದ್ರೂ ಕೊಡುತ್ತೆ" ಎನ್ನುತ್ತಿದ್ದಳು.

ಮರಳ ರಾಶಿಯ ಮೇಲೆ ಕೂತು ಲೆಕ್ಕ ಬಿಡಿಸುತ್ತ ಬೆಳೆದ ಮಗಳಿಗೆ ಆ ಸದ್ದು ಕಿವಿಯಲ್ಲೇ ಮನೆ ಮಾಡಿತ್ತು. ಅಮ್ಮನ ಬಾಯಿಂದ ಹೊಗಳಿಕೆ ಮಾತ್ರ ಬಂದದ್ದಿಲ್ಲ. ಎಂಜಿನಿಯರಿಂಗ್ ಮುಗಿಸಿ ಬಂದಾಗಲೂ ಪದವಿಯ ಕಾಗದವನ್ನು ಸೆರಗಿನಿಂದ ಒರೆಸಿ, "ಪರವಾಗಿಲ್ಲ" ಎಂದಿದ್ದಳು, ಅಷ್ಟೇ.

ಮಗಳು ಸೈನ್ಯಕ್ಕೆ ಆಯ್ಕೆಯಾದ ದಿನ ಚಿಕ್ಕಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಅಲ್ವೇ ಪುಟ್ಟಿ, ಅಲ್ಲಿ ಬಂದೂಕು ಹಿಡಿಯೋರು ಬೇಕು. ಕಟ್ಟಡ ಕಟ್ಟೋರು ಯಾಕೆ?"

"ನದಿ ದಾಟ್ಬೇಕಲ್ಲ ಚಿಕ್ಕಮ್ಮ. ಟ್ರಕ್ಕಿಗೆ ಈಜು ಕಲಿಸೋಕಾಗುತ್ತಾ?"

ತರಬೇತಿ ಶಾಲೆಯಲ್ಲಿ ಒಣಗಿದ ಕಾಲುವೆಯೊಂದಿತ್ತು. ಅದಕ್ಕೆ ಮೂರು ಗಂಟೆಯೊಳಗೆ ಕಬ್ಬಿಣದ ಸೇತುವೆ ಹಾಕಬೇಕು. ಚೌಕಟ್ಟಿಗೆ ಚೌಕಟ್ಟು ಸೇರಿಸಿ, ಮಣಿಕಟ್ಟಿನಷ್ಟು ದಪ್ಪದ ಕೀಲು ಬಡಿದು ಬಿಗಿಯಬೇಕು. ಮೊದಲ ಟ್ರಕ್ಕು ಹಾಯುವಾಗ ಕಟ್ಟಿಸಿದವರು ಸೇತುವೆಯ ಕೆಳಗೆ ನಿಲ್ಲಬೇಕು, ಇದು ಅಲ್ಲಿನ ಹಳೆಯ ಪದ್ಧತಿ. ಕಲಿಸುವವರು ನರೆತ ಮೀಸೆಯ ಹಳೆಯ ಸೈನಿಕರೊಬ್ಬರು. ಎಲ್ಲರ ಬಾಯಲ್ಲೂ ಸುತ್ತಿಗೆ ಮೇಷ್ಟ್ರು.

ಮೊದಲ ಪರೀಕ್ಷೆಯಲ್ಲಿ ಅವಳು ಇಪ್ಪತ್ತು ನಿಮಿಷ ತಡ ಮಾಡಿದ್ದಳು. ಎರಡನೆಯದೂ ತಪ್ಪಿದರೆ ಭುಜಕ್ಕೆ ಅಧಿಕಾರಿಯ ನಕ್ಷತ್ರವಿಲ್ಲ, ಪೆಟ್ಟಿಗೆ ಕಟ್ಟಿಕೊಂಡು ಮನೆಯ ದಾರಿ.

"ಮೇಡಂ, ಇವತ್ತಾದ್ರೂ ಊಟದ ಹೊತ್ತಿಗೆ ಮುಗಿಯುತ್ತಾ, ಬುತ್ತಿ ತರಿಸ್ಲಾ?" ಎಂದರು ಮೇಷ್ಟ್ರು.

"ನಿಮ್ಮ ಹೊಟ್ಟೆ ತಾಳ ಹಾಕೋಕೆ ಮುಂಚೆ ಮುಗಿಸ್ತೀನಿ ಮೇಷ್ಟ್ರೇ."

ಕೆಲಸ ಕೈ ಹತ್ತಿತು. ನಡುವೆ ಒಬ್ಬ ಸೈನಿಕನ ಬೆರಳು ಸಿಕ್ಕಿಕೊಂಡಿತು. ಅವನನ್ನು ಪಟ್ಟಿ ಕಟ್ಟಿಸಿಕೊಳ್ಳಲು ಕಳಿಸಿ, ಅವನ ಸುತ್ತಿಗೆ ತಾನೇ ಎತ್ತಿಕೊಂಡಳು. ಕೈಗೆ ಸಿಕ್ಕ ಕೀಲನ್ನು ಜಿಡ್ಡು ಒರೆಸಿ ನೋಡದೆಯೇ ನಾಲ್ಕು ಏಟಿಗೆ ಕೂರಿಸಿಬಿಟ್ಟಳು. ಮೇಷ್ಟ್ರು ಒಂದು ಸುತ್ತು ಬಂದು ತಲೆಯಾಡಿಸಿದರು. ಇನ್ನೂ ಹತ್ತು ನಿಮಿಷವಿತ್ತು! ಎದೆ ಹಗುರಾಗಿ ಕಾಲುವೆಗಿಳಿದು ಸೇತುವೆಯಡಿ ನಿಂತಳು.

ಮೇಲೆ ಟ್ರಕ್ಕು ಗುರುಗುಟ್ಟಿತು. ಅವಳ ಕೈ ತಾನಾಗಿಯೇ ಸ್ಪ್ಯಾನರ್ ಎತ್ತಿ ತಲೆಯ ಮೇಲಿನ ಕೀಲುಗಳನ್ನು ತಟ್ಟತೊಡಗಿತು. ಠಣ್. ಠಣ್. ದಪ್.

ಮತ್ತೊಮ್ಮೆ ತಟ್ಟಿದಳು. ದಪ್. ಅದು ಅವಳೇ ಬಡಿದ ಕೀಲು.

ಸುಮ್ಮನಿದ್ದರೆ ಟ್ರಕ್ಕು ದಾಟಿಯೂ ಬಿಡಬಹುದು. ನಕ್ಷತ್ರ ಬಂದೂ ಬಿಡಬಹುದು. ಟ್ರಕ್ಕಿನೊಳಗೆ ಕೂತ ಚಾಲಕನ ನೆನಪಾಯಿತು. ಸೀಟಿ ಬಾಯಿಗಿಟ್ಟು ಉಸಿರೆಲ್ಲ ಹಾಕಿ ಊದಿದಳು. ಮುಂದಿನ ಚಕ್ರ ಸೇತುವೆಯ ಅಂಚಿನಲ್ಲೇ ನಿಂತಿತು.

ಜ್ಯಾಕ್ ಕೊಟ್ಟು ಸೇತುವೆ ಎತ್ತಿ, ಕೀಲು ಕಳಚಿ, ಜಿಡ್ಡು ಒರೆಸಿದಾಗ ಕೂದಲೆಳೆಯಂಥ ಬಿರುಕು ಕಂಡಿತು. ಬೇರೆ ಕೀಲು ಹಾಕಿ ಮುಗಿಸುವಷ್ಟರಲ್ಲಿ ಹದಿನಾರು ನಿಮಿಷ ಮೀರಿತ್ತು.

"ಇದನ್ನ ಹಾಕಿದ್ದು ಯಾರು?" ಎಂದರು ಗಡಿಯಾರ ಹಿಡಿದಿದ್ದ ಮೇಜರ್.

"ನಾನೇ ಸರ್. ಒರೆಸಿ ನೋಡ್ಲಿಲ್ಲ."

ಮೇಜರ್ ಪೆನ್ನು ತೆಗೆದರು. ಅಷ್ಟರಲ್ಲಿ ಸುತ್ತಿಗೆ ಮೇಷ್ಟ್ರು ಹೆಜ್ಜೆ ಮುಂದಿಟ್ಟರು. ನಿವೃತ್ತಿಗೆ ಎರಡೇ ತಿಂಗಳಿತ್ತು. ಅಲ್ಲಿಯವರೆಗೆ ಅವರ ದಾಖಲೆಯಲ್ಲಿ ಒಂದೂ ಕಪ್ಪು ಚುಕ್ಕೆಯಿರಲಿಲ್ಲ.

"ಎಲ್ಲಾ ಸರಿ ಇದೆ ಅಂತ ತಲೆ ಆಡಿಸಿದೋನು ನಾನು ಸರ್. ನನ್ನ ಕಣ್ಣಿಗೂ ಬೀಳ್ಲಿಲ್ಲ. ಅವರ ಹೆಸರಿನ ಮುಂದೆ ಏನು ಬರೀತೀರೋ ನನ್ನ ಹೆಸರಿನ ಮುಂದೂ ಅದನ್ನೇ ಬರೀರಿ. ಆದ್ರೆ ಟ್ರಕ್ ನಿಲ್ಲಿಸಿದ್ದು ಅವರೊಬ್ಬರೇ, ಅದನ್ನೂ ಬರೀರಿ."

ಮೇಜರ್ ಕೀಲನ್ನು ಹೊರಳಿಸಿ ಹೊರಳಿಸಿ ನೋಡಿದರು. ಪೆನ್ನು ಜೇಬಿಗೆ ಮರಳಿತು.

"ಮುಂದಿನ ಗುರುವಾರ. ಇನ್ನೊಂದೇ ಸಲ."

ಗುರುವಾರ ಅವಳು ಪ್ರತಿ ಕೀಲನ್ನೂ ಒರೆಸಿ, ತಟ್ಟಿ, ಕೇಳಿಯೇ ಹಾಕಿಸಿದಳು. ಆರು ನಿಮಿಷ ಉಳಿಯಿತು.

ನಕ್ಷತ್ರ ತೊಡಿಸುವ ದಿನ ಒಂದು ಭುಜಕ್ಕೆ ಅಮ್ಮ, ಇನ್ನೊಂದಕ್ಕೆ ಮಗಳೇ ಬೇಡಿಕೊಂಡು ಕರೆತಂದ ಮೇಷ್ಟ್ರು. ಸಿಮೆಂಟು ತಿಂದ ಅಮ್ಮನ ಬೆರಳಿಗೆ ನಕ್ಷತ್ರದ ಪುಟ್ಟ ತಿರುಪು ನಿಲ್ಲದು. "ಇಷ್ಟು ಸಣ್ಣದಾ? ಇದಕ್ಕೇ ಇಷ್ಟೆಲ್ಲಾ ಬಡಿದಾಡಿದ್ಯಾ?" ಎಂದು ಗೊಣಗಿದಳು. ಮೇಷ್ಟ್ರು ಮೀಸೆಯಡಿ ನಕ್ಕು ತಿರುಪು ಕೂರಿಸಿಕೊಟ್ಟರು.

ಬ್ಯಾಂಡು, ಫೋಟೊ ಒಂದೂ ಅಮ್ಮನಿಗೆ ಬೇಡ. ಸೇತುವೆ ತೋರಿಸು ಎಂದಳು. ಕಾಲುವೆಗಿಳಿದು ಕತ್ತೆತ್ತಿ ನೋಡಿದಳು. ಮೇಷ್ಟ್ರು ತಮ್ಮ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ನೋಡಿ ತಾಯಿ. ಇಷ್ಟು ವರ್ಷ ನಾನು ಕಣ್ಣಿಂದ ನೋಡೋದು ಕಲಿಸ್ದೆ. ಈಗ ಎಲ್ಲರಿಗೂ ತಟ್ಟಿ ಕೇಳೋದೂ ಹೇಳಿಕೊಡ್ತಿದ್ದೀನಿ. ಮೇಡಂ ಎಲ್ಲಾ ಹೇಳಿದ್ರು, ನಿಮ್ಮದೇ ಪಾಠ."

ಅಮ್ಮ ಸುತ್ತಿಗೆ ತೆಗೆದುಕೊಂಡಳು. ಈ ದಡದಿಂದ ಆ ದಡದವರೆಗೆ ಕೈಗೆಟುಕಿದ ಒಂದೊಂದು ಕೀಲನ್ನೂ ತಟ್ಟುತ್ತ ನಡೆದಳು. ಮಗಳು ಪರೀಕ್ಷೆಯ ದಿನಕ್ಕಿಂತ ಹೆಚ್ಚು ಹೆದರಿ ಹಿಂದೆ ಹಿಂದೆ ಬಂದಳು. ಕೊನೆಯದೂ ಠಣ್ ಎಂದಿತು.

"ಪರವಾಗಿಲ್ಲ" ಎಂದಳು ಅಮ್ಮ. ಆಮೇಲೆ ಸುತ್ತಿಗೆಯನ್ನು ಮೇಷ್ಟ್ರ ಕೈಗೆ ಹಿಂತಿರುಗಿಸಿ, ಆ ಕೈಗಳನ್ನು ಕಣ್ಣಿಗೊತ್ತಿಕೊಂಡಳು.