ಮಾಲೆ ಹಾಕುವ ಮುನ್ನ

ನನ್ನ ಮೊಮ್ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು! ಬೆಳಿಗ್ಗೆ ಮೊಬೈಲಿಗೆ ಸುದ್ದಿ ಬಂದಾಗ ಕಟ್ಟುತ್ತಿದ್ದ ಮಲ್ಲಿಗೆಯನ್ನು ಅಲ್ಲೇ ಬಿಟ್ಟು, ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ. ಪಕ್ಕದ ಮನೆಗೆ ಮಾತ್ರ ಹೋಗಲಿಲ್ಲ.

ಇವಳೂ ಪಕ್ಕದ ಮನೆಯ ಹುಡುಗಿಯೂ ಹಡಗಲಿಯಲ್ಲಿ ಒಟ್ಟಿಗೆ ಪಿಯುಸಿ ಓದಿದವರು. ಆಗ ಒಂದು ನರ್ಸಿಂಗ್ ಕಾಲೇಜಿನವರು ತಮ್ಮ ಕಾಲೇಜಿನ ವಿಷಯ ಹೇಳಲು ಅಲ್ಲಿಗೆ ಬಂದಿದ್ದರು. ಮನೆಯವರೂ ಬರಬೇಕೆಂದಿದ್ದರಿಂದ ನಾನು ಹೋದೆ. ಬರಿಗೈಲಿ ಹೋಗುವುದು ಹೇಗೆ? ಎರಡು ಮಲ್ಲಿಗೆ ಮಾಲೆ ಕಟ್ಟಿ ಒಯ್ದು, ಬಂದವರಿಗೆ ನಾನೇ ಹಾಕಿದೆ. ಅವರು ಚೆನ್ನಾಗಿಯೇ ಮಾತನಾಡಿದರು. ಮುಗಿದ ಮೇಲೆ ಮೊಮ್ಮಗಳು ಎದ್ದು ನಿಂತಳು.

"ಸರ್, ಪ್ರಾಕ್ಟಿಕಲ್‌ಗೆ ನಮ್ಮನ್ನ ಯಾವ ಆಸ್ಪತ್ರಿಗೆ ಕಳಿಸ್ತೀರಿ?"

ನನಗೆ ನಾಚಿಕೆಯಾಯಿತು. ಅವಳ ದುಪಟ್ಟಾ ಹಿಡಿದು ಜಗ್ಗಿದೆ. "ಕುಂದ್ರಲೇ! ಮಾಲಿ ಹಾಕಿಸ್ಕೊಂಡೋರಿಗೆ ಪೊಲೀಸರಂಗ ಕೇಳ್ತಾರೇನು?"

ಎಲ್ಲರೂ ನಕ್ಕರು. ಅವಳು ಕುಳಿತಳು. ಆಮೇಲೆ ಯಾರೊಬ್ಬರೂ ಪ್ರಶ್ನೆ ಕೇಳಲಿಲ್ಲ.

ಮನೆಯಲ್ಲಿ ಎರಡು ದಿನ ಮೊಮ್ಮಗಳು ನನ್ನ ಮೇಲೆ ಮುನಿಸಿಕೊಂಡಿದ್ದಳು. ಅವಳ ನೋಟುಬುಕ್ಕನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನಾನು ಕಲಿತದ್ದು ಮೂರನೇ ಕ್ಲಾಸು. ಐದು ಪ್ರಶ್ನೆ ಬರೆದಿದ್ದಳು. ಕೊನೆಯದು: 'ಅರ್ಧಕ್ಕೆ ಬಿಟ್ಟುಹೋದ ಹುಡುಗಿಯರು ಎಷ್ಟು, ಯಾಕೆ?' ಅರ್ಧಕ್ಕೆ ಶಾಲೆ ಬಿಟ್ಟ ನನ್ನನ್ನು ಯಾರೂ ಯಾಕೆಂದು ಕೇಳಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಇನ್ನೊಂದು ಕಾಲೇಜಿನಿಂದ ಒಬ್ಬ ಮೇಡಂ ಬಂದರು. ಆಗಲೂ ಮಾಲೆ ಒಯ್ದೆ, ಆದರೆ ಹಾಕಲಿಲ್ಲ.

"ಮೊದ್ಲು ನಮ್ಮ ಹುಡುಗಿಗೆ ಉತ್ತರ ಹೇಳ್ರಿ ಮೇಡಂ. ಮಾಲಿ ಎಲ್ಲೂ ಹೋಗಂಗಿಲ್ಲ, ನನ್ನ ಕೈಯಾಗ ಐತಿ."

ಮೇಡಂ ನಕ್ಕು ಐದಕ್ಕೂ ಉತ್ತರ ಕೊಟ್ಟರು. ಆಸ್ಪತ್ರೆ ಕಾಲೇಜಿನ ಪಕ್ಕದಲ್ಲೇ ಇದೆಯೆಂದರು. ಹಾಸ್ಟೆಲಿನಲ್ಲಿ ಬೇಸಿಗೆಗೆ ನೀರಿನ ತೊಂದರೆ ಎಂಬುದನ್ನೂ ಮುಚ್ಚಿಡಲಿಲ್ಲ. ಈಗ ಸೀಟು ಸಿಕ್ಕಿರುವುದು ಅಲ್ಲೇ.

ಆದರೆ ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಮೊದಲಿನ ಕಾಲೇಜಿಗೇ ಹೆಸರು ಬರೆಸಿಬಿಟ್ಟಿದ್ದಳು. ಅವಳು ಹೋಗಿ ಒಂದು ತಿಂಗಳಾಯಿತು. ಆಸ್ಪತ್ರೆ ಬೇರೆ ಊರಲ್ಲಿ, ಎರಡು ಬಸ್ಸು ಬದಲಿಸಬೇಕು, ವಾರಕ್ಕೆ ಒಂದೇ ದಿನ ಕರೆದೊಯ್ಯುತ್ತಾರೆ ಎಂದು ಫೋನಿನಲ್ಲಿ ಅಳುತ್ತಾಳಂತೆ. ಅವಳಿಗೂ ಅವತ್ತು ಆ ಉತ್ತರ ಬೇಕಿತ್ತು. ತಡೆದವಳು ನಾನು.

ಸಂಜೆ ಮಗ ಹೂವು ಮಾರಿ ಬಂದ. ಸೊಸೆ ಹೋಳಿಗೆ ಮಾಡಿದ್ದಳು. ಊಟಕ್ಕೂ ಮುಂಚೆ ಎರಡು ಹೋಳಿಗೆ ಹಿಡಿದು ಪಕ್ಕದ ಮನೆಗೆ ಹೋದೆ. "ನಂದು ತಪ್ಪಾತವ್ವ" ಎಂದೆ. ಹುಡುಗಿಯ ತಾಯಿ ಹೋಳಿಗೆ ತೆಗೆದುಕೊಂಡು ಒಳಗೆ ಹೋದಳು.

ಎಲ್ಲರೂ ಒಟ್ಟಿಗೆ ಉಣ್ಣಲು ಕುಳಿತೆವು. ಮೊಮ್ಮಗಳು ನನ್ನ ತಟ್ಟೆಗೆ ತುಪ್ಪ ಬಿಟ್ಟಳು.

"ಅಕಿಗೆ ಫೋನ್ ಮಾಡಿದ್ನಜ್ಜಿ. ನನ್ನ ಐದೂ ಪ್ರಶ್ನಿ ಕಳಿಸೀನಿ. ನಾಳಿ ಪ್ರಿನ್ಸಿಪಾಲರನ್ನ ಕೇಳ್ತಾಳಂತ."

"ಅವರು ಬೈದ್ರ ಹೆಂಗ?"

"ಬೈಯ್ಲಿ ಬಿಡು. ಅಲ್ಲಿ ದುಪಟ್ಟಾ ಜಗ್ಗಾಕ ನೀ ಇಲ್ಲಲ್ಲ!"

ಮಗ, ಸೊಸೆ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇನ್ನೊಂದು ಹೋಳಿಗೆ ತೆಗೆದು ಅವಳ ತಟ್ಟೆಗೆ ಹಾಕಿದೆ.