ಎಡಗೈ ಹೆಣಿಗೆ

ನನ್ನ ಅತ್ತೆ ಬೋದಿಲ್ ನಲವತ್ತೊಂದು ವರ್ಷದಿಂದ ಕುರ್ಚಿ ಹೆಣೆಯುತ್ತಾರೆ. ಡೆನ್ಮಾರ್ಕಿನ ಸ್ವೆನ್‌ಬೋರ್ಗ್‌ನ ನಮ್ಮ ಬೀದಿಯಲ್ಲೇ ಅವರ ಕಾರ್ಯಾಗಾರ. ಮರದ ಚೌಕಟ್ಟು ಬೇರೆಯವರದು. ಕೂರುವ ಜಾಗಕ್ಕೆ ಕಾಗದದ ಹುರಿ ಬಿಗಿಯುವ ಕೆಲಸ ಇವರದು. ಯಾರ ಮನೆಗೆ ಹೋದರೂ ಮೊದಲು ಒಂದು ಕುರ್ಚಿ ಮಗುಚಿ ಅಡಿಭಾಗ ನೋಡಬೇಕು, ಆಮೇಲೆಯೇ ಮನೆಯವರ ಯೋಗಕ್ಷೇಮ. ಮದುವೆಗೆ ಮುಂಚೆ ನಮ್ಮ ಮನೆಗೆ ಬಂದಾಗಲೂ ಹಾಗೆಯೇ ಮಾಡಿದ್ದರು.

ನನ್ನ ಮಗುವಿಗೆ ಏಳು ತಿಂಗಳು ತುಂಬಿತು, ಮೂರು ದಿನ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋಗಿ ಬರೋಣ ಎಂದು ನಾನೇ ಅವರನ್ನು ಒಪ್ಪಿಸಿದೆ. ನನಗೆ ಬೇಕಾದದ್ದು ಮಗುವಿನ ತಳ್ಳುಗಾಡಿ ಹಿಡಿಸುವ ಲಿಫ್ಟು, ಒಂದು ಬಾಲ್ಕನಿ. ನಮ್ಮ ಕಡೆಯ ವಾಡಿಕೆಯಂತೆ ಮಧ್ಯಾಹ್ನ ಮಗು ಹೊರಗಿನ ಚಳಿಯಲ್ಲೇ ಮಲಗಬೇಕಲ್ಲ. ಅತ್ತೆಗೆ ಬೇಕಾದದ್ದು ಕುರ್ಚಿ.

ಕಾರ್ಯಾಗಾರದಲ್ಲೇ ಕಾಫಿ ಇಟ್ಟುಕೊಂಡು ಫೋನಿನಲ್ಲಿ ಹೋಟೆಲುಗಳನ್ನು ಒಂದೊಂದಾಗಿ ತೋರಿಸಿದೆ.

“ಬೇಡ, ಪ್ಲಾಸ್ಟಿಕ್ಕು.”

“ಸ್ನಾನದ ಮನೆ ಎಷ್ಟು ಚೆನ್ನಾಗಿದೆ ನೋಡಿ ಅತ್ತೆ.”

“ಸ್ನಾನದ ಮನೇಲಿ ಕೂತು ಹರಟೆ ಹೊಡೀತೀಯಾ?”

ನಾಲ್ಕನೆಯದು ಹಳೆಯ ಅಂಚೆ ಕಚೇರಿಯನ್ನು ಹೋಟೆಲು ಮಾಡಿದ್ದು. ಹಜಾರದ ತುಂಬ ಓಕ್ ಮರದ ಕುರ್ಚಿಗಳು. ಅತ್ತೆ ಫೋನು ಕಿತ್ತುಕೊಂಡು ಚಿತ್ರವನ್ನು ಹಿಗ್ಗಿಸಿದರು.

“ಇದು ಐನರನ ಕೈ.”

ಐನರ್ ಅವರ ಅಣ್ಣ. ಅಪ್ಪನ ಕಾರ್ಯಾಗಾರ ಯಾರಿಗೆ ಎಂಬ ಜಗಳದಲ್ಲಿ ಹತ್ತೊಂಬತ್ತು ವರ್ಷದ ಹಿಂದೆ ಹೊರಟುಹೋದವನು. ಕಾಗದವಿಲ್ಲ, ಫೋನಿಲ್ಲ. ಸತ್ತಿದ್ದಾನೆಂದೇ ನಂಬಿ ಅತ್ತೆ ಪ್ರತಿ ಕ್ರಿಸ್ಮಸ್‌ಗೆ ಅಪ್ಪ ಅಮ್ಮನ ಸಮಾಧಿಯ ಬಳಿ ಅವನಿಗೂ ಒಂದು ಮೇಣದಬತ್ತಿ ಹಚ್ಚುತ್ತಿದ್ದರು.

“ಹಳೇ ಕುರ್ಚಿ ಇರಬಹುದು ಅತ್ತೆ.”

“ಹಳೇ ಹುರಿ ಜೇನಿನ ಬಣ್ಣಕ್ಕೆ ತಿರುಗುತ್ತೆ. ಇದಿನ್ನೂ ಹಾಲಿನಂಗಿದೆ, ವರ್ಷವೂ ಆಗಿಲ್ಲ. ಮೂಲೆ ನೋಡು, ಸುತ್ತು ಉಲ್ಟಾ. ಅವನು ಎಡಚ. ಅಪ್ಪ ಎಷ್ಟು ಹೊಡೆದ್ರೂ ತಿದ್ಕೊಳ್ಳಲಿಲ್ಲ.”

“ಬೇರೆ ಎಡಚರು ಇರಲ್ವಾ?”

“ಇರ್ತಾರೆ. ಮೂರು ಸುತ್ತಿಗೊಂದ್ಸಲ ಅಂಚಿಗೆ ಎರಡೆಳೆ ಹಾಕೋರು ಇರಲ್ಲ. ಅದು ನಾವಿಬ್ಬರೇ ಚಿಕ್ಕವರಿದ್ದಾಗ ಕಂಡುಕೊಂಡಿದ್ದು.”

ಅತ್ತೆಗೂ ಕೇಳಿಸುವಂತೆ ಸ್ಪೀಕರ್ ಹಾಕಿ ಹೋಟೆಲಿಗೆ ಫೋನ್ ಮಾಡಿ, ಆ ಕುರ್ಚಿ ಹೆಣೆದವರು ಯಾರೆಂದು ಕೇಳಿದೆ. ಅಲ್ಲಿನ ಹೆಂಗಸು ಹವಾಮಾನ ಹೇಳಿದಷ್ಟೇ ಸಲೀಸಾಗಿ ಹೇಳಿದಳು. “ಓ, ನಮ್ಮ ಡೆನ್ಮಾರ್ಕಿನ ಅಜ್ಜ. ಪ್ರತಿ ಶುಕ್ರವಾರ ಬೆಳಿಗ್ಗೆ ಬಂದು ಸಡಿಲ ಆಗಿದ್ದನ್ನ ಬಿಗೀತಾರೆ. ಯಾರು ಕೇಳಿದ್ರು ಅಂತ ಹೇಳ್ಲಿ?”

ನಾನು ಅತ್ತೆಯತ್ತ ನೋಡಿದೆ. ಅತ್ತೆ ತಲೆ ಅಲ್ಲಾಡಿಸುತ್ತ ಪಿಸುಗುಟ್ಟಿದರು. “ಹೆಸರು ಹೇಳಬೇಡ. ಹೇಳಿದ್ರೆ ಅವತ್ತು ಬರಲ್ಲ ಅವನು.”

ಗುರುವಾರದಿಂದ ಕೋಣೆ ಕಾದಿರಿಸಿದೆ. ಬಾಲ್ಕನಿ ಇದೆಯೇ ಎಂದು ಕೇಳಲೂ ಮರೆತೆ.

“ಬೆಳಿಗ್ಗೆ ಅಂದ್ರೆ ಎಷ್ಟು ಗಂಟೆ?”

“ಕೇಳಲಿಲ್ಲ ಅತ್ತೆ.”

“ಹಂಗಾದ್ರೆ ಐದಕ್ಕೇ ಹಜಾರದಲ್ಲಿ ಕೂರ್ತೀನಿ. ನೀನು ಮಗೂನ ಎಬ್ಬಿಸಬೇಡ,” ಎಂದು ಅವರು ಕಾಫಿ ಲೋಟಕ್ಕೆ ಕೈ ಹಾಕಿದರು. ದಿನವಿಡೀ ಹುರಿ ಜಗ್ಗುವ ಬೆರಳುಗಳಿಗೆ ಲೋಟ ಹಿಡಿಯಲಾಗಲಿಲ್ಲ. ನಾನೇ ಲೋಟ ಎತ್ತಿ, ಮಗುವಿಗೆ ಕುಡಿಸುವಂತೆ ಗದ್ದದ ಕೆಳಗೆ ಕೈ ಕೊಟ್ಟು ಕುಡಿಸಿದೆ.