ವಿಭೂತಿ ಬಳಿದ ಪಟ್ಟಿ

ಆ ಸಿಟ್ಟು ಇನ್ನೂ ಇಳಿದಿಲ್ಲ. ತಿಕೋಟಾದ ನಮ್ಮ ಮನೆಯ ಕಟ್ಟೆಗೆ ಬಂದು ಕೂತವರಿಗೆಲ್ಲ ಹೇಳಿದ್ದೇನೆ, ಹೇಳಿದಷ್ಟೂ ಏರುತ್ತದೆ.

ನಾನು ವಿಜಯಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನನ್ನ ಕೆಲಸವೆಲ್ಲ ಪದರು ಪದರಾಗಿರುವ ಒಂದು ಕಪ್ಪು ಖನಿಜದ ಮೇಲೆ. ಅಂಟುಟೇಪು ಒತ್ತಿ ಕಿತ್ತರೆ ತೆಳ್ಳಗೆ ಎದ್ದುಬರುತ್ತದೆ. ಮತ್ತೆ ಕಿತ್ತರೆ ಇನ್ನೂ ತೆಳ್ಳಗೆ. ಸುಲಿಯುತ್ತ ಹೋಗಿ ಒಂದೇ ಪದರು ಉಳಿಯಿತೆಂದರೆ ಅದರ ಗುಣವೇ ಬೇರೆ. ಗಟ್ಟಿ ಇದ್ದಾಗ ಮಂಕಾಗಿದ್ದದ್ದು ಈಗ ಲೇಸರ್ ಬಿದ್ದೊಡನೆ ಕೆಂಪಗೆ ಬೆಳಗುತ್ತದೆ. ಅದನ್ನು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂರಿಸಿ ಪಟ್ಟಿಯನ್ನು ಬಗ್ಗಿಸಿದರೆ ಆ ಬೆಳಕಿನ ಬಣ್ಣವೂ ಸರಿಯುತ್ತದೆ. ಎಷ್ಟು ಬಗ್ಗಿಸಿದರೆ ಎಷ್ಟು ಸರಿಯುತ್ತದೆ ಎಂಬುದೇ ನನ್ನ ಪ್ರಬಂಧ.

ಮಳೆಗಾಲವೆಲ್ಲ ಸುಲಿದೆ. ಬೆರಳ ತುದಿಯ ಚರ್ಮವೂ ಟೇಪಿನೊಡನೆ ಎದ್ದಿತು. ಪದರು ಹರಿಯುತ್ತಿತ್ತು, ಇಲ್ಲವೇ ಸುಕ್ಕಾಗುತ್ತಿತ್ತು. ಕೊನೆಗೊಂದು ಸರಿಯಾಗಿ ಕೂತಿತು. ಬರಿಗಣ್ಣಿಗೆ ಅದು ಖಾಲಿ ಪಟ್ಟಿಯೇ. ದಸರೆಯ ಬೆನ್ನಿಗೆ ಬೇರೆ ಊರಿನ ದೊಡ್ಡ ಪ್ರಯೋಗಾಲಯದಲ್ಲಿ ಅದನ್ನು ಅಳೆಯಲು ಪಾಳಿಯೂ ಸಿಕ್ಕಿತ್ತು.

ನಮ್ಮ ಕಡೆ ಖಂಡೇನವಮಿಗೆ ಕುಡಗೋಲು, ತಕ್ಕಡಿ, ಟ್ರ್ಯಾಕ್ಟರ್, ಕೆಲಸಕ್ಕೆ ಬರುವುದೆಲ್ಲ ತೊಳೆಸಿಕೊಂಡು ವಿಭೂತಿ ಹಚ್ಚಿಸಿಕೊಳ್ಳುತ್ತದೆ. ನಾನೂ ಅಪ್ಪನ ದ್ರಾಕ್ಷಿ ಕತ್ತರಿಗೆ ಹೂ ಏರಿಸಿಯೇ ಬಸ್ಸು ಹತ್ತಿದ್ದೆ. ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಕಾಲಿಟ್ಟರೆ ಊದಿನಕಡ್ಡಿಯ ಹೊಗೆ. ನಮ್ಮ ವಿಭಾಗದ ಮುಖ್ಯಸ್ಥರು, ಬಬಲೇಶ್ವರದವರು, ತಾವೇ ಧೋತರ ಉಟ್ಟು ಪೂಜೆಗೆ ನಿಂತಿದ್ದರು. ಸೂಕ್ಷ್ಮದರ್ಶಕಕ್ಕೆ ಹೊಗೆ ತಾಗಬಾರದೆಂದು ಹೊದಿಕೆ ಹಾಕಿ, ಹೊದಿಕೆಯ ಮೇಲೆ ಚೆಂಡುಹೂ ಇಟ್ಟಿದ್ದರು. ಅದರ ಮುಂದೆ ಬಾಳೆ ಎಲೆ. ಎಲೆಯ ಮೇಲೆ ಇಕ್ಕಳ, ಗಾಜಿನ ತುಂಡುಗಳು, ನನ್ನ ಪಟ್ಟಿ. ಪಟ್ಟಿಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

ಯಾಕೆ ಮುಟ್ಟಿದಿರಿ ಎಂದೆ.

"ಧೂಳ ಕುಂತಿತ್ತವಾ. ತೊಳದು, ಒರಸಿ ಇಟ್ಟೀನಿ. ನಿನ್ನ ಕೆಲಸಕ್ಕ ಒಳ್ಳೇದಾಗ್ಲಿ ಅಂತ."

ಪದರು ಹೋಯಿತು ಸರ್ ಎಂದೆ.

"ಟೇಪ್ ಐತಲ್ಲ, ಮತ್ತೊಂದು ಸುಲಿ. ಹಬ್ಬದ ದಿನ ಮಾರಿ ಊದಿಸ್ಕೊಂಡು ನಿಂದರಬ್ಯಾಡ. ಪೇಢೆ ತಗೊ."

ಪೂಜೆಯ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಪದರಿನ ಸೊಗಸನ್ನು ಬಂದ ಅತಿಥಿಗಳಿಗೆಲ್ಲ ಕೈ ಬೀಸಿ ಬೀಸಿ ವಿವರಿಸುತ್ತಿದ್ದವರು ಇವರೇ. ಬೆಲೆ ಗೊತ್ತಿದ್ದ ಯಂತ್ರವನ್ನು ಮುಚ್ಚಿಟ್ಟರು, ನನ್ನ ಮಳೆಗಾಲವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಪಾಳಿ ಮುಂದೆ ಹಾಕಿಸುತ್ತೇನೆಂದು ಅಲ್ಲೇ ನಿಂತು ಆ ದೊಡ್ಡ ಪ್ರಯೋಗಾಲಯಕ್ಕೆ ಫೋನು ಹಚ್ಚಿ, ನಮ್ಮ ಹುಡುಗಿಯ ಕೈ ತಪ್ಪಿ ಸ್ಯಾಂಪಲ್ ಹಾಳಾಯಿತು ಎಂದುಬಿಟ್ಟರು.

ಫೋನಿನ ಆಚೆಗೂ ಕೇಳುವಂತೆ ಹೇಳಿದೆ: "ನನ್ನ ಕೈ ತಪ್ಪಿಲ್ರಿ. ಸರ್ ತೊಳದಾರ."

ಆರತಿಗೆ ಕಾದು ನಿಂತಿದ್ದವರೆಲ್ಲ ತಲೆ ತಗ್ಗಿಸಿದರು. ಮುಖ್ಯಸ್ಥರು ಫೋನಿಟ್ಟು, ಹಿರಿಯರಿಗೆ ಹೀಗೆ ಅನ್ನಬಾರದೆಂದು ಮೆಲ್ಲಗೆ ಬುದ್ಧಿ ಹೇಳಿದರು. ಮನೆಯ ಹಿರಿಯರ ತೊಡೆಯ ಮೇಲೆ ಕೂತೇ ಮಾತು ಕಲಿತವಳು ನಾನು. ತಪ್ಪಾಯಿತು ಅನ್ನುವುದನ್ನೂ ಅವರಿಂದಲೇ ಕಲಿತೆ. ಈ ಹಿರಿಯರ ಬಾಯಲ್ಲಿ ಆ ಮಾತು ಇವತ್ತಿನವರೆಗೂ ಬಂದಿಲ್ಲ.

ಮತ್ತೆ ಸುಲಿಯುತ್ತಿದ್ದೇನೆ. ಹೋದ ವಾರ ಒಂದು ಕೂತಿದೆ. ಅದು ಪ್ರಯೋಗಾಲಯದ ಕಪಾಟಿನಲ್ಲಿಲ್ಲ. ದಿನಾ ಸಂಜೆ ಬುತ್ತಿ ಚೀಲದಲ್ಲಿ, ನನ್ನ ತೊಡೆಯ ಮೇಲೆ, ತಿಕೋಟಾದ ಬಸ್ಸಿನಲ್ಲಿ ಮನೆಗೆ ಬರುತ್ತದೆ.